ಬಾಯಿ ತೆಗೆ, ತಮ್ಮಾ

ಸೀಸನ್ ಬಂತೆಂದರೆ ಹಂಪಿ ಬಜಾರಿನ ಗೈಡುಗಳು, ಆಟೊದವರು, ಚಕ್ರತೀರ್ಥದ ಹರಿಗೋಲಿನವರು ಎಲ್ಲರೂ ದಿನವಿಡೀ ಬಿಸಿಲಲ್ಲೇ. ಹಸಿವು ತಡೆಯಲು ಬಾಯಿಗೊಂದು ಪ್ಯಾಕೆಟ್, ಮೈ ನೋವಿಗೆ ರಾತ್ರಿ ಒಂದು ಕ್ವಾರ್ಟರ್. ನಿನಗೂ ಅದೇ ರೂಢಿಯಾಗಿದೆ ತಮ್ಮಾ, ನೋಡುತ್ತಿದ್ದೇನೆ.

ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಇವತ್ತು ಕನ್ನಡಿ ಮುಂದೆ ನಿಂತು ಬಾಯಿ ತೆಗೆ. ನಿನ್ನ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ತೂರಬೇಕು. ತೂರದಿದ್ದರೆ, ಖಾರ ತಿಂದಾಗ ಉರಿ ತಡೆಯಲಾಗದಿದ್ದರೆ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡರೆ ಡಾಕ್ಟರಿಗೆ ತೋರಿಸು. ಅಡಿಕೆ ಅಗಿದು ಅಗಿದು ಒಳಚರ್ಮ ಬಿಗಿದುಕೊಳ್ಳುವ ಕಾಯಿಲೆ ಅದಾಗಿರಬಹುದು, ಮುಂದೆ ಕ್ಯಾನ್ಸರ್ ಆಗಬಹುದು. ತಂಬಾಕು ಹಾಕುವುದಿಲ್ಲ, ಬರೀ ಅಡಿಕೆ ಅನ್ನುವವರಿಗೂ ಬರುತ್ತದೆ.

ಇಂಥ ಚಟ ಬಿಡಿಸಲೆಂದೇ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಅವರು ಬೇಡಿದ್ದು ದವಸವನ್ನಲ್ಲ, ಜನರ ದುಶ್ಚಟಗಳನ್ನು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಗಂಡಸರ ಆರೋಗ್ಯಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಡೆದದ್ದು ನನಗಂತೂ ಕಾಣದು. ಒಬ್ಬೊಬ್ಬನೇ ಗುಟ್ಟಾಗಿ ಬಿಡಲು ಹೋಗಿ ಸೋಲುವ ಚಟವನ್ನು ಅವರು ಊರ ಮುಂದೆ ಬಿಡುವಂತೆ ಮಾಡಿದರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದಲ್ಲೂ ಅದೇ ದಾರಿ: ಎಂಟು ದಿನ ಊರಲ್ಲೇ ಕೂಡಿಸಿ, ಮನೆಯವರನ್ನೂ ಕರೆಸುತ್ತಾರೆ, ಆಮೇಲೆ ಕುಡಿತ ಬಿಟ್ಟವರೇ ನವಜೀವನ ಸಮಿತಿಯಲ್ಲಿ ಒಬ್ಬರಿಗೊಬ್ಬರು ಕಾವಲು.

ಒಂದು ಮಾತು ಮಾತ್ರ ಮರೆಯಬೇಡ. ದಿನಾ ಜಾಸ್ತಿ ಕುಡಿಯುವವನು ಹಟ ಹಿಡಿದು ಒಮ್ಮೆಲೇ ನಿಲ್ಲಿಸಬಾರದು. ಕೈ ನಡುಗಿ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮೊದಲು ಡಾಕ್ಟರ್, ಆಮೇಲೆ ಆಣೆ ಪ್ರಮಾಣ.

ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಬಾಯಿ ಎಲ್ಲ ಪುಕ್ಕಟೆ ನೋಡುತ್ತಾರೆ. ಟೂರಿಸ್ಟರಿಗೆ ವಿಜಯವಿಠ್ಠಲ ತೋರಿಸಲು ಅಷ್ಟು ದೂರ ನಡೆಯುವ ನಿನಗೆ ಕಮಲಾಪುರದ ಆಸ್ಪತ್ರೆ ಏನು ದೂರ? ತಂಬಾಕು ಬಿಡಲು 1800-11-2356ಕ್ಕೆ ಫೋನ್ ಮಾಡು, ನಂಬರು ಪೊಟ್ಟಣದ ಮೇಲೇ ಅಚ್ಚಾಗಿದೆ. ಗಿರಾಕಿ ಇಲ್ಲದೆ, ಸಾಲದ ಚಿಂತೆಗೆ ನಿದ್ದೆ ಬಾರದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಒಬ್ಬನೇ ಹೋಗಲು ನಾಚಿಕೆಯಾದರೆ ಸ್ಟ್ಯಾಂಡಿನ ಗೆಳೆಯರನ್ನೂ ಆಟೊದಲ್ಲಿ ಹತ್ತಿಸಿಕೋ. ಅವರ ಬಾಯಿಯನ್ನೂ ಡಾಕ್ಟರು ನೋಡಲಿ.