ಕಾಡ್ಗಿಚ್ಚಿನಿಂದ ಮನೆಗಳ ರಕ್ಷಣೆ: ಕ್ಯಾಲಿಫೋರ್ನಿಯಾದ ಸೇವಾ ಮಂಡಳಿಗಳ ಕಾರ್ಯಕ್ರಮ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಆ ಮಳೆಗೆ ಬೆಳೆದ ಹುಲ್ಲು ಬೇಸಗೆಯಲ್ಲಿ ಒಣಗಿ ನಿಲ್ಲುತ್ತದೆ. ಮುಂದಿನ ಮಳೆಯವರೆಗೂ ಬೆಂಕಿಯ ಭಯ ತಪ್ಪಿದ್ದಲ್ಲ. 2018ರಲ್ಲಿ ಮಳೆ ತಡವಾಯಿತು. ನವೆಂಬರ್ 8ರಂದು ಸಿಯೆರಾ ನೆವಾಡ ಬೆಟ್ಟಗಳ ತಪ್ಪಲಿನ ಪ್ಯಾರಡೈಸ್ ಎಂಬ ಊರು ಬಹುಮಟ್ಟಿಗೆ ಸುಟ್ಟುಹೋಯಿತು. ಆ ಕಾಡ್ಗಿಚ್ಚಿನಲ್ಲಿ 85 ಜನ ಸತ್ತರು. ಅವರಲ್ಲಿ ಹೆಚ್ಚಿನವರು 65 ವರ್ಷ ದಾಟಿದವರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ಅಲ್ಲಿ ಕಂಡುಬಂದ ಒಂದು ಸಂಗತಿ ಗಮನಾರ್ಹ. ಬೂದಿಯಾದ ಮನೆಗಳ ಪಕ್ಕದಲ್ಲೇ ಅನೇಕ ಪೈನ್ ಮರಗಳು ಹಸಿರಾಗಿ ನಿಂತಿದ್ದವು. ಅಂದರೆ ಮನೆಗಳನ್ನು ಸುಟ್ಟದ್ದು ಮರದಿಂದ ಮರಕ್ಕೆ ನುಗ್ಗಿ ಬಂದ ಜ್ವಾಲೆಯಲ್ಲ. ಗಾಳಿಯಲ್ಲಿ ಹಾರಿಬಂದ ಕಿಡಿಗಳು ಮತ್ತು ನೆರೆಮನೆಯ ಉರಿ.

ಕಿಡಿಯ ಕೆಲಸ

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಅವರು ಇದನ್ನು ಮೊದಲೇ ತೋರಿಸಿದ್ದರು. 1990ರ ದಶಕದ ಕೊನೆಯಲ್ಲಿ ಕೆನಡಾದ ಕಾಡೊಂದರಲ್ಲಿ ಬೆಂಕಿಯಿಟ್ಟು ಪರೀಕ್ಷಿಸಿದಾಗ, 30 ಮೀಟರ್ ದೂರದಲ್ಲಿ ನಿಲ್ಲಿಸಿದ್ದ ಮರದ ಗೋಡೆಗಳು ಹೊತ್ತಿಕೊಳ್ಳಲಿಲ್ಲ. ಕಿಡಿಗಳಾದರೋ ಮೈಲಿಗೂ ಹೆಚ್ಚು ದೂರ ಹಾರಬಲ್ಲವು. ಸೂರಿನ ಮೇಲಿನ ತರಗೆಲೆ, ಗೋಡೆಯ ಬುಡದ ಕಸ, ಅಟ್ಟದ ಗಾಳಿಕಿಂಡಿ, ಇವೇ ಅವುಗಳಿಗೆ ದಾರಿ.

ಆದ್ದರಿಂದ ಗೋಡೆಯಿಂದ ಮೊದಲ 5 ಅಡಿ ಅತಿ ಮುಖ್ಯ. ಇಲ್ಲಿ ಸುಡುವಂಥದ್ದೇನೂ ಇರಬಾರದು: ಸೌದೆಯಿಲ್ಲ, ಪೊದೆಯಿಲ್ಲ, ಒಣ ಎಲೆಯ ಹೊದಿಕೆಯೂ ಇಲ್ಲ. ಹೊದಿಕೆ ತೇವ ಉಳಿಸುವುದು ನಿಜ, ಆದರೆ ಅದರ ಜಾಗ ತೋಟ. (ಕರ್ನಾಟಕದ ಕಾಡಂಚಿನ ಊರುಗಳಲ್ಲಿ ಸೌದೆ ರಾಶಿ, ಹುಲ್ಲಿನ ಬಣವೆ ಮನೆಗೆ ಅಂಟಿಕೊಂಡಿರುವುದನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು.) ಗಾಳಿಕಿಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಹಾಕಬೇಕು. 30 ಅಡಿಯವರೆಗೆ ಒಣಹುಲ್ಲು ಕತ್ತರಿಸಿ, ದೊಡ್ಡ ಮರಗಳ ಕೆಳಗಿನ ಕೊಂಬೆಗಳನ್ನು ನೆಲದಿಂದ 6 ಅಡಿಯಾದರೂ ಎತ್ತರಕ್ಕೆ ಸವರಬೇಕು. 100 ಅಡಿಯವರೆಗೆ ಗಿಡಗಂಟಿ ವಿರಳವಾಗಿರಬೇಕು. ಹುಲ್ಲು ಕತ್ತರಿಸುವ ಯಂತ್ರವನ್ನು ಬೆಳಿಗ್ಗೆ 10 ಗಂಟೆಯೊಳಗೇ ಓಡಿಸಬೇಕು. ಅದರ ಅಲಗು ಕಲ್ಲಿಗೆ ತಾಗಿ ಹಾರಿದ ಕಿಡಿಯೇ ಬಿಸಿಲಿನಲ್ಲಿ ಬೆಂಕಿಗೆ ಮೂಲವಾದದ್ದುಂಟು.

ಮಂಡಳಿಗಳ ನೆರವು

ಬೆಂಕಿಯ ಅಪಾಯವಿರುವ ಪ್ರದೇಶಗಳಲ್ಲಿ 100 ಅಡಿ ಶುಚಿ ಮಾಡಬೇಕೆಂದು ಅಲ್ಲಿ ಕಾನೂನೇ ಇದೆ. ಆದರೆ ಒಂಟಿಯಾಗಿರುವ ಎಪ್ಪತ್ತೈದರ ಮುದುಕಿಗೆ ಕಾನೂನು ಓದಿ ಹೇಳಿದರೆ ಪೊದೆ ಕಡಿದಂತಾಗುವುದಿಲ್ಲ. ಈ ಕೊರತೆಯನ್ನು ತುಂಬುತ್ತಿರುವುದು ಲಾಭದ ಉದ್ದೇಶವಿಲ್ಲದ ಅಗ್ನಿ ಸುರಕ್ಷಾ ಮಂಡಳಿಗಳು. ಸ್ಥಳೀಯರೇ ಕೂಡಿ ಕಟ್ಟಿಕೊಂಡ ಇವು ಸರ್ಕಾರದ ಅನುದಾನ ಮತ್ತು ದೇಣಿಗೆಗಳಿಂದ ನಡೆಯುತ್ತವೆ.

ತರಬೇತಾದವರು ಮನೆಗೆ ಬಂದು, ಯಜಮಾನರೊಡನೆ ಸುತ್ತ ನಡೆದು, ಎಲ್ಲಿ ಏನು ತೆಗೆಯಬೇಕೆಂದು ತೋರಿಸುತ್ತಾರೆ. ಅವರು ದಂಡ ಹಾಕುವವರಲ್ಲವಾದ್ದರಿಂದ ಜನ ಸಂಕೋಚವಿಲ್ಲದೆ ಬಾಗಿಲು ತೆರೆಯುತ್ತಾರೆ. ಹಲವು ಮಂಡಳಿಗಳು ಕೊಂಬೆ ಚೂರು ಮಾಡುವ ಯಂತ್ರವನ್ನೂ ಕಳಿಸುತ್ತವೆ. ಕಡಿದ ಕೊಂಬೆಗಳನ್ನು ಬುಡ ರಸ್ತೆಯ ಕಡೆಗಿರುವಂತೆ ಒಟ್ಟಿಟ್ಟರೆ ಸಾಕು. ಕಸಕ್ಕೆ ಬೆಂಕಿಯಿಡುವ ಅಪಾಯವೂ ತಪ್ಪುತ್ತದೆ. ಕೆಲವು ಕಡೆ ವೃದ್ಧರ ಮತ್ತು ಅಂಗವಿಕಲರ ಅಂಗಳವನ್ನು ಮಂಡಳಿಯ ಕೆಲಸಗಾರರೇ ಶುಚಿ ಮಾಡಿಕೊಡುತ್ತಾರೆ. ಪ್ಯಾರಡೈಸಿನಲ್ಲಿ ಸತ್ತವರ ವಯಸ್ಸನ್ನು ನೆನೆದರೆ, ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಈ ನೆರವೇ.

1896ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘವೂ ಲಾಭರಹಿತ ಸಂಸ್ಥೆ. ಅದರ 'ಫೈರ್‌ವೈಸ್' ಯೋಜನೆಯಲ್ಲಿ ಕನಿಷ್ಠ 8 ಮನೆಗಳವರು ಸಮಿತಿ ರಚಿಸಿ, ಅಪಾಯ ಅಂದಾಜು ಮಾಡಿ, ವರ್ಷವರ್ಷವೂ ಕೆಲಸ ಮಾಡಿದ್ದಕ್ಕೆ ಲೆಕ್ಕ ಕೊಡಬೇಕು. ಒಬ್ಬರ ಮನೆ ಹೊತ್ತಿದರೆ ಅದೇ ಪಕ್ಕದವರಿಗೆ ಕೊಳ್ಳಿಯಾಗುವುದರಿಂದ, ಈ ಕೂಡುಗೆಲಸ ಅನಿವಾರ್ಯ.

ತೊಡಕುಗಳೂ ಇವೆ. ಅನುದಾನ ಮುಗಿದರೆ ಯಂತ್ರ ನಿಲ್ಲುತ್ತದೆ. ಸವರಿದ ಪೊದೆ ಒಂದೆರಡು ಮಳೆಗೆ ಮತ್ತೆ ಚಿಗುರುತ್ತದೆ. ಮರದ ಹಲಗೆಯ ಸೂರು ಬದಲಿಸುವಂಥ ದೊಡ್ಡ ಖರ್ಚನ್ನು ಎಲ್ಲ ಮಂಡಳಿಗಳೂ ಹೊರಲಾರವು. ಹಾಗಾಗಿ ಹಣವಿಲ್ಲದವರು ಸೂರಿನ ತರಗೆಲೆ ಗುಡಿಸುವುದರಿಂದ, ಸೌದೆ ರಾಶಿಯನ್ನು 30 ಅಡಿ ದೂರ ಸಾಗಿಸುವುದರಿಂದ ಆರಂಭಿಸುವಂತೆ ಸಲಹೆ ನೀಡಲಾಗುತ್ತದೆ.