ರೀಲಿಲ್ಲದ ಸೀಮೆಯ ಸಿನೆಮಾ ಚರಿತ್ರೆ

ಸಿನೆಮಾ ಪರಂಪರೆ ಉಳಿಸೋಣ ಎಂದ ಕೂಡಲೇ ಹೊಸಬರು ರೀಲಿನ ಡಬ್ಬ ಹುಡುಕಲು ಹೊರಡುತ್ತಾರೆ. ನಮ್ಮ ಬೀದರ ಜಿಲ್ಲೆಯ ಕೊಡಂಬಲದಲ್ಲಾಗಲಿ, ಹುಮನಾಬಾದ, ಬಸವಕಲ್ಯಾಣಗಳಲ್ಲಾಗಲಿ ಅದು ಸಿಗುವುದು ಕಷ್ಟ. ಪ್ರಿಂಟು ಬಾಡಿಗೆಗೆ ಬರುತ್ತಿತ್ತು, ಆಟ ಮುಗಿದರೆ ಮುಂದಿನ ಊರಿಗೆ ಹೋಗುತ್ತಿತ್ತು. ಊರಲ್ಲಿ ಉಳಿದವರು ನೋಡಿದವರು ಮಾತ್ರ. ಆದ್ದರಿಂದ ನಮ್ಮ ಕೆಲಸ ಅವರಿಂದಲೇ ಶುರುವಾಗಬೇಕು.

ರೀಲುಗಳ ಪಾಡು ಏನಾಯಿತೆಂದು ಒಂದಿಷ್ಟು ತಿಳಿದಿರಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡಿತು. ಇವತ್ತು ಅದರ ಪ್ರಿಂಟು ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೇಗ ಬೆಂಕಿ ಹತ್ತುತ್ತಿತ್ತು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಸೆಕೆ, ತೇವಕ್ಕೆ ಸಿಕ್ಕಿ ಹುಳಿ ವಾಸನೆ ಹೊಡೆದು ಮುದುಡುತ್ತದೆ. ಎಷ್ಟೋ ರೀಲುಗಳನ್ನು ಅವುಗಳಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿಬಿಟ್ಟರು. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದವರು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದು ದೊಡ್ಡ ಲ್ಯಾಬು, ದೊಡ್ಡ ಹಣದ ಕೆಲಸ. ನಮ್ಮ ಕಾಲೇಜಿನ ಕೈಗೆ ಎಟುಕುವುದು ಬೇರೆಯೇ ಇದೆ, ಅದಕ್ಕೆ ಬೆಲೆಯೂ ಕಡಿಮೆಯಲ್ಲ.

ನೋಡಿದವರ ನೆನಪು ಎಂದರೆ ಸಿನೆಮಾ ಒಂದೇ ಅಲ್ಲ, ಟಿವಿಯೂ ಸೇರುತ್ತದೆ. ನಮ್ಮ ಪಕ್ಕದ ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯನ್ನೇ ನೋಡಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಕೊಟ್ಟಿತ್ತು. ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟಿತು. ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ರಾಜಧಾನಿಗಿಂತ ಮೊದಲು ಟಿವಿ ನೋಡಿದವರು ನಮ್ಮ ಕಡೆಯ ಹಳ್ಳಿಯವರು ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ.

ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಹಾಡು, ನಾಟಕ. ನಮ್ಮ ಕಡೆಗೆ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಆಗ ಮಾನವಶಾಸ್ತ್ರದ ಸಂಶೋಧಕರು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಉಳಿದು ಜನ ಟಿವಿಯನ್ನು ಹೇಗೆ ನೋಡುತ್ತಾರೆಂದು ಬರೆದುಕೊಂಡರು. ಆ ಅಧ್ಯಯನದ ಮುಂದಾಳು ಬಿನೋದ್ ಅಗ್ರವಾಲ್. ವರ್ಷ ತುಂಬಿದ ಮೇಲೆ ಉಪಗ್ರಹ ಹೋಯಿತು, 1977ರಲ್ಲಿ ಗುಲ್ಬರ್ಗಾಕ್ಕೆ ಟಿವಿ ಟ್ರಾನ್ಸ್‌ಮಿಟರ್ ಬಂತು.

ಸಂಶೋಧಕರು ಬರೆದದ್ದು ಇಂಗ್ಲಿಷಿನಲ್ಲಿ ಅಚ್ಚಾಯಿತು. ನೋಡಿದವರ ಮಾತು ಅವರ ಬಾಯಲ್ಲೇ ಉಳಿಯಿತು. ಬೀದರ ಜಿಲ್ಲೆ ಸೈಟ್ ಪಟ್ಟಿಯಲ್ಲಿರಲಿಲ್ಲ, ನಮಗೇನು ಸಂಬಂಧ ಎನ್ನಬೇಡಿ. ಗುಲ್ಬರ್ಗಾ ಜಿಲ್ಲೆಯ ಚಿಂಚೋಳಿ, ಆಳಂದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು ಎಷ್ಟು ಮಂದಿಯಿಲ್ಲ! ಅಂದು ಹತ್ತು ವರ್ಷದ ಹುಡುಗಿಯಾಗಿದ್ದವಳಿಗೆ ಈಗ ಅರವತ್ತರ ಆಸುಪಾಸು. ಅಂಥ ಆಯಿ ನಿಮ್ಮ ಓಣಿಯಲ್ಲೇ ಇರಬಹುದು.

ಕೇಳುವ ರೀತಿ ಗೊತ್ತಿರಬೇಕು. ‘ನಿಮಗೆ ಯಾವ ಕಾರ್ಯಕ್ರಮ ಇಷ್ಟ?’ ಎಂದರೆ ‘ಎಲ್ಲಾ ಚಲೋ ಇದ್ದವು’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ‘ಆಯಿ, ಟಿವಿ ಯಾರ ಕಟ್ಟೆ ಮ್ಯಾಲ ಇಟ್ಟಿದ್ರು? ನೀವು ಎಲ್ಲಿ ಕುಂಡ್ರತಿದ್ರಿ? ಯಾರಿಗೆ ಒಳಗ ಬಿಡತಿದ್ದಿಲ್ಲ?’ ಎಂದು ಕೇಳಿ. ಜಾತಿ, ಹೆಣ್ಣು-ಗಂಡು, ಊರ ಗೌಡಕಿ ಎಲ್ಲವೂ ಕುಳಿತ ಜಾಗದಲ್ಲಿ ಕಾಣುತ್ತವೆ. ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೆ ಹೋಗಿಬಂದ ಹಿರಿಯರನ್ನು ಡೇರೆ ಸಿನೆಮಾ ನೋಡಿದ್ದಿರಾ ಎಂದು ವಿಚಾರಿಸುವಾಗಲೂ ಇದೇ ರೀತಿ. ಸುಮ್ಮನಿರುವ ಹೊತ್ತನ್ನು ಕತ್ತರಿಸಬೇಡಿ. ಹೊಸಬರ ದೊಡ್ಡ ದೋಷ ಅವಸರ.

ಕಾಗದಗಳದ್ದು ಇನ್ನೊಂದು ದಾರಿ. ಥಿಯೇಟರಿಗೆ ಲೈಸೆನ್ಸು ಬೇಕು. 1964ರ ಕರ್ನಾಟಕ ಸಿನೆಮಾ ನಿಯಂತ್ರಣ ಕಾಯ್ದೆಯ ಕಡತಗಳನ್ನು ಜಿಲ್ಲಾ ಕಚೇರಿಯಲ್ಲಿ ಕೇಳಬೇಕು. 1948ಕ್ಕೂ ಮೊದಲು ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಆಗಿನ ಕಡತಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಹೋಗುವಾಗ ಹಳೆಯ ಉರ್ದು ಕೈಬರಹ ಓದಬಲ್ಲ ಊರಿನ ಚಾಚಾ ಒಬ್ಬರನ್ನು ಒಲಿಸಿಕೊಂಡು ಹೋಗಿ. ಪಿಎಚ್‌ಡಿ ಮಾಡಿದ ನಮ್ಮವರಲ್ಲಿ ಅನೇಕರು ಅದನ್ನು ಓದಲಾರರು. ಸಮುದಾಯ, ವಿಶ್ವವಿದ್ಯಾಲಯ ಕೂಡಿ ಮಾಡುವ ಕೆಲಸ ಎಂದರೆ ನನ್ನ ಲೆಕ್ಕಕ್ಕೆ ಇದು. ಬ್ಯಾನರ್ ಕಟ್ಟಿ ವಿಚಾರಸಂಕಿರಣ ನಡೆಸುವುದಲ್ಲ.

ಊರಲ್ಲಿ ರೀಲು ಇಲ್ಲದಿದ್ದರೂ ಮನೆಯಲ್ಲಿ ಮದುವೆ, ಜಾತ್ರೆ, ಬಯಲಾಟದ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಹಾಕಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬಾರದು, ಟೇಪೂ ಹಾಳು, ಯಂತ್ರವೂ ಹಾಳು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು; ಈಗ ಇರುವ ಹಳೆಯ ಯಂತ್ರ ಕೆಟ್ಟರೆ ಬಿಡಿಭಾಗ ಸಿಗುವುದೂ ಕಷ್ಟ. ಒಣಗಿದ, ತಂಪಾದ ಜಾಗದಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಿ, ಹೊರಗೆ ವರ್ಷ, ಊರು, ಯಾರ ಮನೆಯ ಕಾರ್ಯ ಎಂದು ಬರೆಯಿರಿ.

ಡಿಜಿಟಲ್ ಮಾಡಿದ ಮೇಲೆ ಒಂದು ಪ್ರತಿ ಮನೆಯವರಿಗೆ, ಒಂದು ಕಾಲೇಜಿಗೆ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. ಮಾತಾಡಿದವರ ಒಪ್ಪಿಗೆಯನ್ನು ಧ್ವನಿಮುದ್ರಣದ ಆರಂಭದಲ್ಲೇ ಅವರ ಬಾಯಿಂದ ಪಡೆಯಿರಿ. ಯಾವುದನ್ನು ಹೊರಗೆ ಕೇಳಿಸಬಾರದು ಎಂದು ಅವರು ಹೇಳುತ್ತಾರೋ ಅದನ್ನು ಬೇರೆ ಫೈಲಿನಲ್ಲಿಡಿ.