ಯಾವ್ದು ನೋಡ್ಲಿ ಗುರೂ? ನೋಡದವರಿಗಾಗಿ ಅನಿಮೆ ವಿಮರ್ಶೆ ಬರೆಯೋದು

"ಅನಿಮೆ ನೋಡೋಕೆ ಶುರು ಮಾಡ್ಬೇಕು, ಯಾವ್ದು ನೋಡ್ಲಿ?" ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತೆ. ಉತ್ತರಗಳೂ ನಮಗೆಲ್ಲ ಬಾಯಿಪಾಠ. "ಡೆತ್ ನೋಟ್ ನೋಡು ಗುರೂ, ಸಖತ್ತಾಗಿದೆ." "ಒನ್ ಪೀಸ್ ನೋಡಿಲ್ಲ ಅಂದ್ರೆ ಏನೂ ನೋಡಿಲ್ಲ ಅಂತ ಅರ್ಥ." ಕೇಳಿದವನಿಗೆ ಇದರಿಂದ ಸಿಕ್ಕಿದ್ದೇನು? ಹೇಳಿದವನಿಗೆ ಆ ಸರಣಿ ಇಷ್ಟ ಅನ್ನೋದು ಗೊತ್ತಾಯ್ತು. ತನಗೆ ಹಿಡಿಸುತ್ತದೋ ಇಲ್ಲವೋ ಅನ್ನೋದು ಮಾತ್ರ ಗೊತ್ತಾಗಲಿಲ್ಲ.

ನಮ್ಮ ಪತ್ರಿಕೆಗೆ ಬರುವ ಅನಿಮೆ, ಮಾಂಗಾ ಬರಹಗಳಲ್ಲೂ ಈ ತೊಂದರೆ ಇದೆ. ಅವುಗಳಲ್ಲಿ ಅರ್ಧ ಕಥೆಯ ಸಾರಾಂಶ, ಇನ್ನರ್ಧ ಹೊಗಳಿಕೆ. ನೋಡಿ ಮುಗಿಸಿದವರು ಕ್ಯಾಂಟೀನಿನಲ್ಲಿ ಕೂತು ಕ್ಲೈಮ್ಯಾಕ್ಸ್ ಬಗ್ಗೆ ಜಗಳ ಆಡೋದು ಒಂದು ಕೆಲಸ. ಇನ್ನೂ ನೋಡದವನು ನೋಡಬೇಕೋ ಬೇಡವೋ ಅಂತ ನಿರ್ಧರಿಸಲು ನೆರವಾಗೋದು ಬೇರೆಯೇ ಕೆಲಸ. ಈ ಪಾಠ ಎರಡನೆಯದರ ಬಗ್ಗೆ.

ಮೊದಲು ಅಂಕದ ವಿಷಯ ಮುಗಿಸಿಬಿಡೋಣ. ಒಂದು ಸರಣಿಗೆ ಎಲ್ಲರೂ ಏಳೇಳು ಅಂಕ ಕೊಟ್ಟರು. ಇನ್ನೊಂದಕ್ಕೆ ಅರ್ಧ ಜನ ಹತ್ತು, ಅರ್ಧ ಜನ ನಾಲ್ಕು ಕೊಟ್ಟರು. ಎರಡರ ಸರಾಸರಿಯೂ ಏಳೇ. ಮೊದಲನೆಯದು ಟೈಂಪಾಸ್‌ಗೆ ಪರವಾಗಿಲ್ಲ ಅನ್ನುವಂಥದ್ದು. ಎರಡನೆಯದು ನಿಮ್ಮ ಜೀವಮಾನದ ಮೆಚ್ಚಿನದಾಗಬಹುದು, ಇಲ್ಲವೇ ಎರಡನೇ ಸಂಚಿಕೆಗೇ ತಲೆನೋವು ತರಬಹುದು. ಅಂಕ ಸರಾಸರಿಯನ್ನಷ್ಟೇ ಹೇಳುತ್ತೆ, ಸ್ಟ್ಯಾಂಡರ್ಡ್ ಡೀವಿಯೇಶನ್ ಹೇಳಲ್ಲ. ಆ ಹತ್ತು ಕೊಟ್ಟವರು ಯಾರು, ನಾಲ್ಕು ಕೊಟ್ಟವರು ಯಾರು ಅಂತ ಹೇಳೋದೇ ವಿಮರ್ಶೆಯ ಕೆಲಸ.

ಆಮೇಲೆ ಸಮಯ. ಟಿವಿ ಅನಿಮೆಯ ಒಂದು ಸಂಚಿಕೆ ಸುಮಾರು 24 ನಿಮಿಷ. ಜಪಾನಿನ ಟಿವಿಯಲ್ಲಿ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಭಾಗ ಮಾಡಿ ಪ್ರಸಾರ ಮಾಡುತ್ತಾರೆ. ಅದಕ್ಕೇ ಹೆಚ್ಚಿನ ಸರಣಿಗಳು 12-13 ಅಥವಾ 24-26 ಸಂಚಿಕೆಗೆ ನಿಲ್ಲುತ್ತವೆ. 12 ಸಂಚಿಕೆ ಅಂದ್ರೆ ಐದು ಗಂಟೆಗೆ ಚೂರು ಕಡಿಮೆ, ಒಂದು ಭಾನುವಾರ ಮಧ್ಯಾಹ್ನ ಸಾಕು. 64 ಸಂಚಿಕೆ ಅಂದ್ರೆ ಇಪ್ಪತ್ತೈದೂವರೆ ಗಂಟೆ. ಒನ್ ಪೀಸ್ 1,100 ಸಂಚಿಕೆ ದಾಟಿದೆ: 440 ಗಂಟೆ, ನಿದ್ದೆ ಊಟ ಬಿಟ್ಟು ಕೂತರೂ ಹದಿನೆಂಟು ದಿನ. ಅದು ಕೆಟ್ಟದ್ದು ಅಂತಲ್ಲ. ಇಂಟರ್ನಲ್ಸ್‌ಗೆ ಎರಡು ವಾರ ಇರುವವನಿಗೆ "ನೋಡು ಮಗಾ" ಅನ್ನೋ ಮುಂಚೆ ಈ ಲೆಕ್ಕ ಹೇಳಿಬಿಡಿ. ನರುಟೋ ತರಹದ ಉದ್ದನೆಯ ಸರಣಿಯಾದರೆ ಫಿಲ್ಲರ್ ವಿಷಯವನ್ನೂ ಹೇಳಿ. ಅನಿಮೆ ಓಡಿ ಓಡಿ ಮಾಂಗಾವನ್ನು ಹಿಡಿದುಬಿಟ್ಟಾಗ, ಮುಂದಿನ ಅಧ್ಯಾಯಗಳು ಬರುವವರೆಗೆ ಸ್ಟುಡಿಯೋದವರು ತಾವೇ ಹೊಸೆದು ತುಂಬಿಸುವ ಕಥೆಗಳವು. ಹೆಚ್ಚಿನವನ್ನು ಬಿಟ್ಟು ನೋಡಿದರೂ ಏನೂ ಕಳೆದುಹೋಗಲ್ಲ.

ಎಷ್ಟು ನೋಡಿದ ಮೇಲೆ ಸರಣಿ ತನ್ನ ನಿಜವಾದ ಮುಖ ತೋರಿಸುತ್ತೆ? ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಸೂತ್ರವಿದೆ: ಮೂರು ಸಂಚಿಕೆ ನೋಡು, ಹಿಡಿಸದಿದ್ರೆ ಬಿಡು. ಸೂತ್ರ ಕೆಟ್ಟದ್ದಲ್ಲ, ಆದ್ರೆ ಎಲ್ಲ ಕಡೆ ನಡೆಯಲ್ಲ. 2011ರ ಸ್ಟೈನ್ಸ್ ಗೇಟ್ ತಗೊಳ್ಳಿ. ಟೋಕಿಯೋದ ಅಕಿಹಾಬರಾದಲ್ಲಿ ಕೋಣೆ ಬಾಡಿಗೆ ಹಿಡಿದು ಅದಕ್ಕೆ ಲ್ಯಾಬ್ ಅಂತ ಹೆಸರಿಟ್ಟುಕೊಂಡ ಹುಡುಗರು ಮೈಕ್ರೋವೇವ್ ಓವನ್ನಿಗೆ ಫೋನ್ ಜೋಡಿಸಿ, ಹಿಂದಿನ ಕಾಲಕ್ಕೆ ಸಂದೇಶ ಕಳಿಸುವ ಕಥೆ. ಒಟ್ಟು 24 ಸಂಚಿಕೆ. ಮೊದಲರ್ಧ ಬರೀ ಹರಟೆ, ಹುಚ್ಚಾಟ. ಮೂರಕ್ಕೆ ಬಿಟ್ಟವನ ತಪ್ಪಲ್ಲ, ಅಲ್ಲಿಯವರೆಗೆ ಅಂಥದ್ದೇನೂ ಆಗಿರಲ್ಲ. 12ನೇ ಸಂಚಿಕೆ ಹೊತ್ತಿಗೆ ಆ ಹರಟೆಯ ಒಂದೊಂದು ತುಣುಕೂ ಬಡ್ಡಿ ಸಮೇತ ವಾಪಸ್ ಬರೋಕೆ ಶುರುವಾಗುತ್ತೆ. ಇಂಥದ್ದಕ್ಕೆ "ತಾಳ್ಮೆ ಇರಲಿ" ಅಂದರೆ ಸಾಲದು. ತಾಳ್ಮೆ ಎಷ್ಟು ಹೊತ್ತು, ಅಷ್ಟರಲ್ಲಿ ಏನು ನೋಡಿಕೊಂಡಿರಬೇಕು ಅಂತ ಹೇಳಬೇಕು. "ಅರ್ಧದವರೆಗೆ ಈ ಹುಡುಗರ ಮಾತುಕತೆಯೇ ನಿಮಗೆ ಮಜಾ ಕೊಡಬೇಕು, ಇಲ್ಲದಿದ್ರೆ ಕಷ್ಟ" ಅಂತ ಬರೆದರೆ ಓದುಗ ತಾನೇ ನಿರ್ಧಾರ ಮಾಡ್ತಾನೆ. ಕಥೆಯ ಗುಟ್ಟೂ ಉಳಿಯಿತು.

ಸ್ಪಾಯ್ಲರ್ ಅಂದ್ರೆ ಎಲ್ಲರೂ ಬೆಚ್ಚಿಬೀಳ್ತಾರೆ. ಅದೇ ಭಯದಲ್ಲಿ ಹೇಳಲೇಬೇಕಾದ್ದನ್ನೂ ಮುಚ್ಚಿಡುತ್ತಾರೆ. ಇಲ್ಲಿ ನಮ್ಮದು ಸ್ವಲ್ಪ ಗಟ್ಟಿ ಅಭಿಪ್ರಾಯ. ಎ ಸೈಲೆಂಟ್ ವಾಯ್ಸ್ 2016ರ ಸಿನಿಮಾ, ನವೋಕೋ ಯಮಾಡಾ ನಿರ್ದೇಶನ, ಕ್ಯೋಟೋ ಅನಿಮೇಶನ್ ಸ್ಟುಡಿಯೋ. ಕಿವಿ ಕೇಳದ ಹುಡುಗಿಯೊಬ್ಬಳನ್ನು ಶಾಲೆಯಲ್ಲಿ ಕಾಡಿದ ಹುಡುಗ ವರ್ಷಗಳ ಮೇಲೆ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. "ಚೆಂದದ ಫ್ರೆಂಡ್‌ಶಿಪ್ ಕಥೆ, ಕಣ್ಣೀರು ಗ್ಯಾರಂಟಿ" ಅಂತ ಇದನ್ನು ಪರಿಚಯಿಸುವವರಿದ್ದಾರೆ. ಸಿನಿಮಾ ಶುರುವಾಗುವುದೇ ಆ ಹುಡುಗ ಸಾಯಲು ತಯಾರಿ ಮಾಡಿಕೊಳ್ಳುವುದರಿಂದ, ಮತ್ತು ಆತ್ಮಹತ್ಯೆಯ ವಿಚಾರ ಕೊನೆತನಕ ಜೊತೆಗಿರುತ್ತದೆ. ಇದನ್ನು ಮೊದಲೇ ಹೇಳೋದು ಸ್ಪಾಯ್ಲರ್ ಅಲ್ಲ. ನಮ್ಮ ಬರಹ ಓದುವವರಲ್ಲಿ ಯಾರು ಯಾವ ಸ್ಥಿತಿಯಲ್ಲಿದ್ದಾರೆ, ಯಾರ ರೂಮಿನ ಬಾಗಿಲು ನಾಲ್ಕು ದಿನದಿಂದ ಮುಚ್ಚಿದೆ, ನಮಗೆ ಗೊತ್ತಿರಲ್ಲ. ಒಂದು ಸಾಲು ಮೊದಲೇ ಬರೆದಿದ್ದರೆ ಅವರು ಇವತ್ತು ಬೇಡ ಅಂತ ಪಕ್ಕಕ್ಕಿಡಬಹುದು, ಅಥವಾ ಜೊತೆಗೊಬ್ಬ ಗೆಳೆಯನನ್ನು ಕೂರಿಸಿಕೊಂಡು ನೋಡಬಹುದು. ಸಿನಿಮಾ ಮಾತ್ರ ಅದ್ಭುತವಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಇದೇ ಸಾಲಿಗೆ ಸೇರುವ ಹಳೆಯ ಸಂಗತಿ ಒಂದಿದೆ. ಘಿಬ್ಲಿ ಸ್ಟುಡಿಯೋದ ಮೈ ನೇಬರ್ ಟೊಟೊರೊ ಮತ್ತು ಗ್ರೇವ್ ಆಫ್ ದಿ ಫೈರ್‌ಫ್ಲೈಸ್ 1988ರ ಏಪ್ರಿಲ್‌ನಲ್ಲಿ ಒಂದೇ ದಿನ, ಜೋಡಿ ಪ್ರದರ್ಶನವಾಗಿ ಬಿಡುಗಡೆಯಾದವು. ಒಂದು ಹಳ್ಳಿಮನೆ, ಕಾಡಿನ ದೈತ್ಯ, ಇಬ್ಬರು ಪುಟ್ಟ ಅಕ್ಕತಂಗಿಯರು. ಇನ್ನೊಂದು ಯುದ್ಧದ ಕೊನೆಯ ತಿಂಗಳುಗಳಲ್ಲಿ ಹಸಿವಿನಿಂದ ನರಳುವ ಅಣ್ಣತಂಗಿ. "ಘಿಬ್ಲಿ ಸಿನಿಮಾ, ರಜೆಗೆ ಊರಿಗೆ ಹೋದಾಗ ತಂಗಿ ಜೊತೆ ನೋಡು" ಅಂತ ಹೇಳಿದವನು ಯಾವುದು ಅಂತ ಹೇಳದಿದ್ದರೆ ಆ ಮನೆಯ ಸಂಜೆ ಏನಾಗಬೇಡ! ಕಾರ್ಟೂನ್ ಅಂದ್ರೆ ಮಕ್ಕಳದ್ದು ಅಂತ ನಂಬಿರುವ ಅಪ್ಪ ಅಮ್ಮನ ಎದುರು, ಹಾಲ್‌ನಲ್ಲಿ ಟಿವಿಗೆ ಹಾಕಬಹುದೋ ಇಲ್ಲವೋ ಅನ್ನೋದೂ ವಿಮರ್ಶೆಯಲ್ಲಿ ಇರಬೇಕಾದ ಮಾಹಿತಿಯೇ. ನಗಬೇಡಿ, ಹೆಡ್‌ಫೋನ್ ಹಾಕಿದ್ದರೂ ಪರದೆ ಎಲ್ಲರಿಗೂ ಕಾಣುತ್ತೆ.

ಈಗ ಒಂದು ಸರಣಿ ಇಟ್ಟುಕೊಂಡು ಮಾಡಿಯೇ ನೋಡೋಣ. ನಾವು ಆರಿಸಿಕೊಂಡದ್ದು ಪ್ಲಾನೆಟೆಸ್. ಮಕೋಟೋ ಯುಕಿಮುರಾ 1999ರಿಂದ 2004ರವರೆಗೆ ಬರೆದ ನಾಲ್ಕು ಸಂಪುಟದ ಮಾಂಗಾ. 2003-04ರಲ್ಲಿ ಗೋರೋ ತನಿಗುಚಿ ನಿರ್ದೇಶನದಲ್ಲಿ 26 ಸಂಚಿಕೆಯ ಅನಿಮೆ ಆಯಿತು. ಕಾಲ 2075. ನಾಯಕ ಹಚಿಮಾಕಿಯ ಕೆಲಸ ಬಾಹ್ಯಾಕಾಶದಲ್ಲಿ ಕಸ ಎತ್ತೋದು. ಹೌದು, ಕಸವೇ: ಹಳೆಯ ಉಪಗ್ರಹದ ಚೂರು, ಸ್ಕ್ರೂ, ಬೋಲ್ಟು. ದೊಡ್ಡ ಕಂಪನಿಯೊಂದರಲ್ಲಿ ಲಾಭ ತರದ, ಎಲ್ಲರೂ ಗೇಲಿ ಮಾಡುವ ಸಣ್ಣ ವಿಭಾಗ ಅವನದು. ಅವನ ಆಸೆ ಮಾತ್ರ ಸ್ವಂತ ಅಂತರಿಕ್ಷ ನೌಕೆ ಕೊಳ್ಳೋದು.

ಇಷ್ಟು ಕಥೆ ಸಾಕು. ಮುಂದೆ ಯಾರಿಗೆ ಯಾಕೆ ಹಿಡಿಸಬಹುದು ಅನ್ನೋದಕ್ಕೆ ಬರೋಣ. ಒಂದು ಸ್ಕ್ರೂಗೆ ಇಷ್ಟು ರಂಪ ಯಾಕೆ ಅನ್ನುವವರು ಪೆನ್ನು ತಗೊಳ್ಳಿ. 10 ಗ್ರಾಂ ತೂಕದ ಚೂರು ಸೆಕೆಂಡಿಗೆ 10 ಕಿಲೋಮೀಟರ್ ಸಾಪೇಕ್ಷ ವೇಗದಲ್ಲಿ ಬಡಿದರೆ ಅದರ ಚಲನಶಕ್ತಿ 5 ಲಕ್ಷ ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 114 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿದಷ್ಟು. ಒಂದು ಡಿಕ್ಕಿಯ ಚೂರುಗಳು ಇನ್ನೊಂದು ಡಿಕ್ಕಿ ಮಾಡಿಸುತ್ತ ಕಸ ತಾನೇ ಬೆಳೆಯುತ್ತ ಹೋಗಬಹುದು ಅನ್ನೋದನ್ನು ನಾಸಾದ ಡೊನಾಲ್ಡ್ ಕೆಸ್ಲರ್ 1978ರಲ್ಲೇ ಬರೆದಿದ್ದರು. ಅನಿಮೆ ಮುಗಿದು ಐದು ವರ್ಷಕ್ಕೆ, 2009ರ ಫೆಬ್ರವರಿಯಲ್ಲಿ, ಇರಿಡಿಯಂ 33 ಮತ್ತು ರಷ್ಯಾದ ಕಾಸ್ಮೋಸ್ 2251 ಅನ್ನೋ ಉಪಗ್ರಹಗಳು ನಿಜವಾಗಿಯೂ ಡಿಕ್ಕಿ ಹೊಡೆದು ಸಾವಿರಾರು ಚೂರಾದವು. ಅಂದರೆ ಈ ಕಥೆ ನಿಂತಿರುವ ನೆಲ ಗಟ್ಟಿ. ಹಾಗಂತ ಇದು ಫಿಸಿಕ್ಸ್ ಕ್ಲಾಸ್ ಅಲ್ಲ. ಪರ್ಮನೆಂಟ್ ಆಗದ ಉದ್ಯೋಗಿ, ಮೇಲಿನವರಿಗೆ ಸಲಾಂ ಹೊಡೆಯುವ ಮ್ಯಾನೇಜರ್, ಬಜೆಟ್ ಕತ್ತರಿ, ಬಡ ದೇಶಗಳಿಗೆ ಬಾಹ್ಯಾಕಾಶದಲ್ಲಿ ಪಾಲು ಯಾಕಿಲ್ಲ ಅನ್ನೋ ಸಿಟ್ಟು, ಇದೆಲ್ಲ ಇದೆ. ಪ್ಲೇಸ್‌ಮೆಂಟ್ ಆದಮೇಲೆ ನೋಡಿದರೆ ಇನ್ನೂ ಚೆನ್ನಾಗಿ ತಾಗುತ್ತೆ.

ಯಾರಿಗೆ ಹಿಡಿಸಲ್ಲ? ಮೊದಲ ಕೆಲವು ಸಂಚಿಕೆಗಳಲ್ಲಿ ಆಫೀಸ್ ಕಾಮಿಡಿ ಜಾಸ್ತಿ, ಅದೂ ಸ್ವಲ್ಪ ಜೋರು. ಹೊಸದಾಗಿ ಸೇರುವ ತನಾಬೆ ಪ್ರತಿ ಸಮಸ್ಯೆಗೂ "ಪ್ರೀತಿ" ಅಂತ ಭಾಷಣ ಮಾಡೋದು ಕೆಲವರಿಗೆ ಕಿರಿಕಿರಿ. ನಮಗೂ ಆಯ್ತು. ಯುದ್ಧ, ರೋಬೋಟ್ ಬೇಕು ಅನ್ನುವವರು ಈ ಕಡೆ ಬರಬೇಡಿ. ಮೊದಲರ್ಧ ಸಂಚಿಕೆಗೊಂದು ಕಥೆ, ಕೊನೆಕೊನೆಗೆ ಎಲ್ಲವೂ ಒಂದೇ ದಾರಕ್ಕೆ ಪೋಣಿಸಿಕೊಂಡು ಬಿಗಿಯಾಗುತ್ತವೆ. ಮಾಂಗಾ ಇದಕ್ಕಿಂತ ಮೌನ, ಒಳಮುಖ. ಅದರಲ್ಲಿ ತನಾಬೆ ಬರೋದೂ ತಡ. ಆಫೀಸಿನ ಜಗತ್ತು ಬೇಕಿದ್ದರೆ ಅನಿಮೆ, ಒಬ್ಬ ಮನುಷ್ಯನ ತಲೆಯೊಳಗೆ ಹೋಗಬೇಕಿದ್ದರೆ ಮಾಂಗಾ.

ಅನಿಮೆ ಮೊದಲೋ ಮಾಂಗಾ ಮೊದಲೋ ಅನ್ನುವ ಜಗಳಕ್ಕೆ ಒಳ್ಳೆಯ ಉದಾಹರಣೆ ಫುಲ್‌ಮೆಟಲ್ ಆಲ್ಕೆಮಿಸ್ಟ್. ಹಿರೋಮು ಅರಕಾವಾ ಅವರ ಮಾಂಗಾ 2001ರಿಂದ 2010ರವರೆಗೆ ನಡೆದು 27 ಸಂಪುಟವಾಯಿತು. ಕಥೆ ಇನ್ನೂ ಅರ್ಧದಲ್ಲಿದ್ದಾಗಲೇ 2003ರಲ್ಲಿ 51 ಸಂಚಿಕೆಯ ಅನಿಮೆ ಬಂತು. ಅದು ಒಂದು ಹಂತದ ಮೇಲೆ ತನ್ನದೇ ದಾರಿ ಹಿಡಿದು ತನ್ನದೇ ಮುಕ್ತಾಯ ಕಂಡುಕೊಂಡಿತು. 2009ರಲ್ಲಿ ಅದೇ ಬೋನ್ಸ್ ಸ್ಟುಡಿಯೋ ಮೊದಲಿಂದ ಶುರುಮಾಡಿ, ಮಾಂಗಾ ಹೇಳಿದಂತೆಯೇ 64 ಸಂಚಿಕೆಯಲ್ಲಿ ಮುಗಿಸಿತು. ಅದು ಬ್ರದರ್‌ಹುಡ್. "ಎಫ್‌ಎಂಎ ನೋಡು" ಅಂತಷ್ಟೇ ಹೇಳಿದರೆ ಯಾವುದನ್ನು ನೋಡೋದು? ಒಂದೇ ನೋಡುವ ಹಾಗಿದ್ದರೆ ಬ್ರದರ್‌ಹುಡ್ ಅಂತ ನಮ್ಮ ಮತ. ಆದರೆ ಅದರ ಆರಂಭ ಓಟದಲ್ಲಿ ಸಾಗುತ್ತೆ, ಯಾಕಂದ್ರೆ ಆ ಭಾಗವನ್ನು ಜನ ಆರು ವರ್ಷದ ಹಿಂದಷ್ಟೇ ನೋಡಿದ್ದರು. ಶುರುವಿನಲ್ಲಿ ಬರುವ ಒಂದೆರಡು ದುಃಖದ ಘಟನೆಗಳು 2003ರದ್ದರಲ್ಲೇ ಹೆಚ್ಚು ನಾಟುತ್ತವೆ, ಆ ಪಾತ್ರಗಳ ಜೊತೆ ಅಲ್ಲಿ ಹೆಚ್ಚು ಹೊತ್ತು ಕಳೆದಿರುತ್ತೇವೆ.

ಮಾಂಗಾ ಬಗ್ಗೆ ಬರೆಯುವಾಗ ಇನ್ನೊಂದು ಮಾತು ಮರೆಯಬೇಡಿ: ಮುಗಿದಿದೆಯೋ, ನಡೀತಿದೆಯೋ, ನಿಂತಿದೆಯೋ. ನಾನಾ 2009ರಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ. ಬರ್ಸರ್ಕ್‌ನ ಕೆಂಟಾರೋ ಮಿಯುರಾ 2021ರಲ್ಲಿ ತೀರಿಕೊಂಡರು, 2022ರಿಂದ ಅವರ ಗೆಳೆಯ ಕೋಜಿ ಮೋರಿ ಮೇಲ್ವಿಚಾರಣೆಯಲ್ಲಿ ಕಥೆ ಮುಂದುವರಿಯುತ್ತಿದೆ. ಇಪ್ಪತ್ತು ಸಂಪುಟ ಓದಿದ ಮೇಲೆ ಗೊತ್ತಾಗಬೇಕಾದ ವಿಷಯವೇ ಇದು?

"ಇದು ಇಷ್ಟ ಆದ್ರೆ ಅದನ್ನ ನೋಡಿ" ಅನ್ನೋ ಸಾಲು ಎಲ್ಲರೂ ಬರೀತಾರೆ. ಯಾಕೆ ಅಂತ ಮಾತ್ರ ಬರೆಯಲ್ಲ. ಡೆತ್ ನೋಟ್ ಇಷ್ಟಪಟ್ಟವರಿಗೆ ಮಾನ್ಸ್ಟರ್ ತೋರಿಸುತ್ತಾರೆ, ಎರಡರಲ್ಲೂ ಕೊಲೆಗಾರ ಇದ್ದಾನೆ ಅಂತ. ಡೆತ್ ನೋಟ್‌ನ ಮಜಾ ಇಬ್ಬರು ಬುದ್ಧಿವಂತರ ಚದುರಂಗದಲ್ಲಿದೆ, 37 ಸಂಚಿಕೆಯ ಓಟದಲ್ಲಿದೆ. ಮಾನ್ಸ್ಟರ್ 74 ಸಂಚಿಕೆ, ಒಬ್ಬ ಡಾಕ್ಟರ್ ಜರ್ಮನಿಯಲ್ಲಿ ಊರೂರು ಅಲೆಯುವ ನಿಧಾನದ ಕಥೆ. ಚದುರಂಗ ಹುಡುಕಿಕೊಂಡು ಹೋದವನಿಗೆ ಹತ್ತನೇ ಸಂಚಿಕೆಗೆ ನಿದ್ದೆ ಗ್ಯಾರಂಟಿ. "ಕೊಲೆಗಾರನೂ ಮನುಷ್ಯನೇ, ಅವನ ಜೀವ ಉಳಿಸಿದ್ದು ಸರಿಯಾ ಅನ್ನೋ ಪ್ರಶ್ನೆ ನಿಮ್ಮನ್ನ ಕಾಡಿದ್ರೆ ನೋಡಿ" ಅಂದ್ರೆ ಸರಿಯಾದವರು ಬರ್ತಾರೆ.

ಭಾಷೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ಸಂಚಿಕೆ ಅಂದ್ರೂ ಸರಿ, ಎಪಿಸೋಡ್ ಅಂದ್ರೂ ಸರಿ. "ಅನಿಮೇಶನ್ ಅದ್ಭುತ, ಪಾತ್ರಪೋಷಣೆ ಅಮೋಘ" ಅನ್ನೋ ಸನ್ಮಾನಪತ್ರದ ಭಾಷೆ ಮಾತ್ರ ಬೇಡ. ಯಾವ ದೃಶ್ಯ, ಏನು ಕಂಡಿತು, ಅಷ್ಟು ಬರೆಯಿರಿ.

ಕೊನೆಗೆ ಒಂದು ಚಿಕ್ಕ ಮಾದರಿ, ಮುಂದಿನ ಸಂಚಿಕೆಗೆ ಬರೆಯುವವರಿಗೆ ಅಳತೆಗೆ ಇರಲಿ.

ಸಿಲ್ವರ್ ಸ್ಪೂನ್. ಫುಲ್‌ಮೆಟಲ್ ಬರೆದ ಅರಕಾವಾ ಅವರದ್ದೇ. ಅವರು ಹೊಕ್ಕೈಡೋದ ಹೈನುಗಾರರ ಮನೆಯವರು, ಕಥೆಯೂ ಅಲ್ಲಿಯದೇ. ಮಾಂಗಾ 15 ಸಂಪುಟ, 2019ರಲ್ಲಿ ಮುಗಿದಿದೆ. ಅನಿಮೆ 22 ಸಂಚಿಕೆ, ಸುಮಾರು ಒಂಬತ್ತು ಗಂಟೆ, ಕಥೆಯನ್ನು ಪೂರ್ತಿ ಹೇಳಲ್ಲ. ಓದು, ರ‍್ಯಾಂಕು, ಅಪ್ಪನ ನಿರೀಕ್ಷೆಯಿಂದ ಸೋತ ಹಚಿಕೆನ್ ಮನೆಯಿಂದ ದೂರ ಇರಬಹುದು ಅನ್ನೋ ಒಂದೇ ಕಾರಣಕ್ಕೆ ಹಾಸ್ಟೆಲ್ ಇರುವ ಕೃಷಿ ಶಾಲೆ ಸೇರುತ್ತಾನೆ. ಸುತ್ತ ಇರುವವರಿಗೆಲ್ಲ ಮುಂದೇನು ಅಂತ ಗೊತ್ತು, ಇವನೊಬ್ಬನಿಗೆ ಗೊತ್ತಿಲ್ಲ. ಮಾಂಸಕ್ಕೆ ಹೋಗಲಿರುವ ಹಂದಿಮರಿಗೆ ಹೆಸರಿಟ್ಟು ಸಾಕುತ್ತಾನೆ. ಪ್ರಾಣಿ ವಧೆಯ ವಿಚಾರ ನೇರವಾಗಿದೆ, ನೋಡಲಾಗದವರು ತಿಳಿದಿರಿ. ಬ್ರಾಂಚ್ ಆರಿಸಿದ್ದು ತಾವಲ್ಲ, ರ‍್ಯಾಂಕು ಅಂತ ಅನ್ನಿಸುವವರಿಗೆ ತಾಗುತ್ತೆ. ತಿರುವು, ರೋಚಕತೆ ಬೇಕಾದವರಿಗೆ ಸಪ್ಪೆ. ಪಿಜ್ಜಾ ಮಾಡುವ ಸಂಚಿಕೆಯನ್ನು ಮೆಸ್ ಮುಚ್ಚಿದ ಮೇಲೆ ನೋಡಬೇಡಿ.